ಹಳೆಯ ಹಿತ್ತಾಳೆ ಮೈಕ್ರೋಸ್ಕೋಪ್: ಹುಡುಕುವುದರಿಂದ ಕಾಪಾಡುವವರೆಗೆ, ಹುಬ್ಬಳ್ಳಿ-ಧಾರವಾಡದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಹಿತ್ತಾಳೆ ಮೈಕ್ರೋಸ್ಕೋಪ್ ಮನೆಗೆ ಬಂದರೆ ನಮ್ಮ ಕಡೆ ಮೊದಲು ಹೊರಬರುವುದು ಹುಣಸೆಹಣ್ಣು. ದೀಪಾವಳಿಗೆ ತಂಬಿಗೆ, ಗಂಗಾಳ, ದೀಪದ ಕಂಬ ತಿಕ್ಕಿದ ಕೈ ಸುಮ್ನೆ ಇರುವುದಿಲ್ಲ. ಅರ್ಧ ಗಂಟೆಯಲ್ಲಿ ಉಪಕರಣ ಫಳಫಳ ಹೊಳೆಯುತ್ತದೆ. ಅದೇ ಅರ್ಧ ಗಂಟೆಯಲ್ಲಿ ಅದರ ಬೆಲೆಯ ದೊಡ್ಡ ಪಾಲು ಬಚ್ಚಲಿಗೆ ಹೋಗಿರುತ್ತದೆ.

ಈ ಮಾರ್ಗದರ್ಶಿಯಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮಾತ್ರ ನೆನಪಿಡಿ: ಮೈಕ್ರೋಸ್ಕೋಪಿನ ಗಾಜನ್ನು ಸ್ವಚ್ಛ ಮಾಡಬೇಕು, ಹಿತ್ತಾಳೆಯನ್ನು ತಿಕ್ಕಬಾರದು. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೇ ನಿಂತಿವೆ.

19ನೇ ಶತಮಾನದ ತಯಾರಕರು ಹಿತ್ತಾಳೆಯನ್ನು ಬರಿಮೈಯಲ್ಲಿ ಬಿಡುತ್ತಿರಲಿಲ್ಲ. ಭಾಗಗಳನ್ನು ಒಂದೇ ದಿಕ್ಕಿನಲ್ಲಿ ನುಣ್ಣಗೆ ಉಜ್ಜಿ, ಸ್ವಲ್ಪ ಬಿಸಿ ಮಾಡಿ, ಅದರ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಬಳಿಯುತ್ತಿದ್ದರು. ಬಣ್ಣ ಬರಲಿ ಅಂತ ಗಿಡದ ಅಂಟುಗಳನ್ನು ಸೇರಿಸುತ್ತಿದ್ದರು. ಹಳೆಯ ಮೈಕ್ರೋಸ್ಕೋಪಿಗೆ ಆ ಜೇನುಬಣ್ಣ ಬರುವುದು ಹಿತ್ತಾಳೆಯಿಂದಷ್ಟೇ ಅಲ್ಲ, ಈ ಲೇಪದಿಂದ. ಲಂಡನ್ನಿನ ಕಾರ್ಖಾನೆಗಳಿಗೆ ಹೋಗುತ್ತಿದ್ದ ಆ ಅರಗಿನ ಹೆಚ್ಚಿನ ಪಾಲು ನಮ್ಮ ದೇಶದ ಕಾಡುಗಳದ್ದು. ಹುಣಸೆಹುಳಿ, ಪಾತ್ರೆ ತಿಕ್ಕುವ ಪುಡಿ, ಹಿತ್ತಾಳೆ ಪಾಲಿಶ್, ಕೊನೆಗೆ ಕೈಗೆ ಹಾಕುವ ಸ್ಯಾನಿಟೈಸರ್ ಕೂಡ ಈ ಲೇಪವನ್ನು ಹಾಳುಮಾಡುತ್ತದೆ. ಒಮ್ಮೆ ಹೋದ ಮೇಲೆ ಅದನ್ನು ಮರಳಿ ತರಲು ಆಗುವುದಿಲ್ಲ. ಹೊಸದಾಗಿ ಬಳಿಸಬಹುದು, ಆದರೆ ಅದು ಹೊಸ ಲೇಪವೇ.

ಹೆಜ್ಜೆ 1: ಏನನ್ನು ಹುಡುಕುತ್ತಿದ್ದೀರಿ ಅಂತ ತಿಳಿದುಕೊಳ್ಳಿ

18ನೇ ಶತಮಾನದ ಮೂರು ಕಾಲಿನ ಇಂಗ್ಲಿಷ್ ಮೈಕ್ರೋಸ್ಕೋಪ್‌ಗಳು ಚಿತ್ರದಲ್ಲಿ ತುಂಬಾ ಚೆಂದ. ಆದರೆ ನಮ್ಮ ಭಾಗದಲ್ಲಿ ಅವು ಎದುರಾಗುತ್ತವೆ ಅಂತ ಕಾಯುತ್ತ ಕೂರಬೇಡಿ. ಅವುಗಳ ಗಾಜಿನಲ್ಲಿ ವಸ್ತುವಿನ ಸುತ್ತ ಬಣ್ಣದ ಅಂಚು ಕಾಣುತ್ತದೆ. 1830ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಎರಡು ಬಗೆಯ ಗಾಜುಗಳನ್ನು ಲೆಕ್ಕಾಚಾರದಿಂದ ಜೋಡಿಸಿ ಈ ದೋಷ ಕಡಿಮೆ ಮಾಡುವ ದಾರಿ ತೋರಿಸಿದ. ಮೈಕ್ರೋಸ್ಕೋಪ್ ನಿಜವಾದ ಸಂಶೋಧನಾ ಉಪಕರಣವಾಗಿ ಬೆಳೆದದ್ದು ಅದರ ನಂತರ. 1839ರಲ್ಲಿ ಲಂಡನ್ನಿನಲ್ಲಿ ಮೈಕ್ರೋಸ್ಕೋಪಿಕಲ್ ಸೊಸೈಟಿ ಶುರುವಾಯಿತು. ಅದೇ ಮುಂದೆ ರಾಯಲ್ ಮೈಕ್ರೋಸ್ಕೋಪಿಕಲ್ ಸೊಸೈಟಿ ಆಯಿತು.

ನಮ್ಮ ಕೈಗೆ ಎಟುಕಬಹುದಾದದ್ದು ಸುಮಾರು 1870ರಿಂದ 1930ರ ನಡುವಿನ ಉಪಕರಣಗಳು. ಇವುಗಳಲ್ಲಿ ಎರಡು ಮನೆತನ ಅಂತ ಇಟ್ಟುಕೊಳ್ಳಿ. ಇಂಗ್ಲಿಷ್ ಮಾದರಿಯದ್ದು ಸಾಮಾನ್ಯವಾಗಿ ಎತ್ತರ, ಮೂರು ಕಾಲಿನ ಪಾದ, ಉದ್ದ ಕೊಳವೆ. ಬೆಕ್, ರಾಸ್, ವಾಟ್ಸನ್, ಸ್ವಿಫ್ಟ್, ಬೇಕರ್, ಪೊವೆಲ್ ಅಂಡ್ ಲೀಲ್ಯಾಂಡ್ ಇದರ ದೊಡ್ಡ ಹೆಸರುಗಳು. ಕಾಂಟಿನೆಂಟಲ್ ಮಾದರಿಯದ್ದು, ಅಂದರೆ ಜರ್ಮನಿ, ಫ್ರಾನ್ಸ್ ಕಡೆಯದ್ದು, ಗಿಡ್ಡ, ಗಟ್ಟಿ, ಪಾದ ಕುದುರೆ ಲಾಳದ ಆಕಾರ. ಯೆನಾ ಊರಿನ ಕಾರ್ಲ್ ಝೈಸ್, ವೆಟ್ಸ್‌ಲರ್ ಊರಿನ ಅರ್ನ್ಸ್ಟ್ ಲೈಟ್ಸ್, ಪ್ಯಾರಿಸ್ಸಿನ ನಾಶೆ ಇದರಲ್ಲಿ ಬರುತ್ತಾರೆ. ಅಮೆರಿಕದ ಬಾಷ್ ಅಂಡ್ ಲಾಂಬ್, ಸ್ಪೆನ್ಸರ್ ಕೂಡ ಇದ್ದಾರೆ. 20ನೇ ಶತಮಾನ ಮುಂದುವರಿದಂತೆ ಪಾದ ಮತ್ತು ತೋಳಿಗೆ ಕಪ್ಪು ಬಣ್ಣ ಬಂತು, ಹಿತ್ತಾಳೆ ಕೊಳವೆಗಷ್ಟೇ ಉಳಿಯಿತು, ಆಮೇಲೆ ಕ್ರೋಮ್ ಬಂತು. ಕಪ್ಪು ಪಾದ, ಹಿತ್ತಾಳೆ ಕೊಳವೆ ಇರುವ ಲೈಟ್ಸ್ ಅಥವಾ ಝೈಸ್ ಸಿಕ್ಕರೆ "ಪೂರ್ತಿ ಹಿತ್ತಾಳೆ ಅಲ್ಲ" ಅಂತ ಬಿಟ್ಟುಬರಬೇಡಿ. ನೋಡುವ ಕೆಲಸಕ್ಕೆ ಅವು ಬಹಳ ಒಳ್ಳೆಯವು. ಹೊಸಬರಿಗೆ ನಾನು ಹೇಳುವುದು ಅದನ್ನೇ.

ಹೆಜ್ಜೆ 2: ನಮ್ಮ ಊರಲ್ಲಿ ಎಲ್ಲಿ ಹುಡುಕಬೇಕು

1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಗದಗ, ಹಾವೇರಿ ಆಗ ಇದೇ ಜಿಲ್ಲೆಯ ಭಾಗ. ವಿದೇಶಿ ಉಪಕರಣಗಳು ಮುಂಬಯಿ ಬಂದರಿಗೆ ಇಳಿದು ಈ ಕಡೆ ಬರುತ್ತಿದ್ದವು. ಹೀಗಾಗಿ ಪೆಟ್ಟಿಗೆಯ ಒಳಗೆ ಮುಂಬಯಿ ಮಾರಾಟಗಾರರ ಚೀಟಿ ಇದ್ದರೆ ಅದನ್ನು ಕೀಳಬೇಡಿ, ಅದು ಉಪಕರಣದ ಪ್ರಯಾಣದ ದಾಖಲೆ.

ಯಾರ ಹತ್ತಿರ ಇರುತ್ತಿದ್ದವು ಅಂತ ಯೋಚಿಸಿದರೆ ಹುಡುಕುವ ದಾರಿ ತಾನೇ ತೆರೆದುಕೊಳ್ಳುತ್ತದೆ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) 1837ರಲ್ಲಿ ಧಾರವಾಡಕ್ಕೆ ಬಂತು, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಹೋಯಿತು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು, ಜೊತೆಗೆ ರೈಲ್ವೆಯ ಡಾಕ್ಟರುಗಳು ಬಂದರು. 1898ರ ಪ್ಲೇಗ್ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಅನ್ನುವ ವಿಜ್ಞಾನಿ ತಯಾರಿಸಿದ ಪ್ಲೇಗ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಹತ್ತಿ ಮತ್ತು ಜೋಳದ ಸಂಶೋಧನೆ ಬೆಳೆಯಿತು. ಡಾಕ್ಟರು, ಮೇಷ್ಟ್ರು, ಕೃಷಿ ಅಧಿಕಾರಿ, ಪಾದ್ರಿ: ಈ ನಾಲ್ಕು ಬಗೆಯ ಮನೆಗಳ ಅಟ್ಟವೇ ಮೊದಲ ಜಾಗ. ಹಳೇ ಡಾಕ್ಟರ ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ಪುಸ್ತಕದ ಜೊತೆ ಒಂದು ಎತ್ತರದ ಮರದ ಪೆಟ್ಟಿಗೆಯನ್ನೂ ಗುಜರಿಗೆ ಹಾಕುತ್ತಾರೆ. ಪರಿಚಯದವರಿಗೆ ಮೊದಲೇ ಹೇಳಿಡಿ.

ಗುಜರಿ ಅಂಗಡಿಯವರ ಜೊತೆ ಸ್ನೇಹ ಬೇಕೇ ಬೇಕು. ಅವರಿಗೆ ಹಿತ್ತಾಳೆ ಅಂದರೆ ಕಿಲೋ ಲೆಕ್ಕ. ಇನ್ನೊಂದು ಅಪಾಯವೂ ಇದೆ. "ನಾಳಿ ಬರ್ರಿ ಸರ, ಚೊಲೋತ್ನ್ಯಾಗ ತಿಕ್ಕಿ ಇಟ್ಟಿರ್ತೀನಿ" ಅಂತ ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಆಗಲೇ ಕೈ ಅಡ್ಡ ಹಿಡಿಯಿರಿ. "ಕಾಕಾ, ತಿಕ್ಕಬ್ಯಾಡ್ರಿ, ಹೆಂಗ ಐತಿ ಹಂಗ ಬೇಕು. ತಿಕ್ಕಿದ್ರ ನಂಗ ಬ್ಯಾಡ" ಅಂತ ಸ್ಪಷ್ಟವಾಗಿ ಹೇಳಿ. ಹೊಲಸು ಇದ್ದದ್ದಕ್ಕೇ ಜಾಸ್ತಿ ದುಡ್ಡು ಕೊಡುವ ಗಿರಾಕಿ ಇದ್ದಾನೆ ಅಂತ ಗೊತ್ತಾದರೆ ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ.

ಶಾಲೆ-ಕಾಲೇಜುಗಳ ವಿಷಯದಲ್ಲಿ ಹುಷಾರು. ಅಲ್ಲಿನ ಹಳೆಯ ಸಾಮಾನು ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ಇರುತ್ತದೆ, ಹರಾಜಿನಲ್ಲಿ ಮಾತ್ರ ಹೊರಗೆ ಬರಬೇಕು. ಪಾದದ ಕೆಳಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದರೆ ಎಲ್ಲಿಂದ ಬಂತು ಅಂತ ಕೇಳಿ. ಹರಾಜಿನ ರಸೀದಿ ಇಲ್ಲದಿದ್ದರೆ ಬೇಡ.

ಹೆಜ್ಜೆ 3: ಅಸಲಿಯೋ ನಕಲಿಯೋ

ಇದಕ್ಕೆ ಸಮಯ ಕೊಡಿ. ಮಾರುಕಟ್ಟೆಯಲ್ಲಿ "ಬ್ರಿಟಿಷ್ ಕಾಲದ್ದು" ಅಂತ ಮಾರುವ ಹಿತ್ತಾಳೆ ಮೈಕ್ರೋಸ್ಕೋಪ್‌ಗಳಲ್ಲಿ ಎಷ್ಟೋ ಇತ್ತೀಚೆಗೆ ಉತ್ತರ ಭಾರತದಲ್ಲಿ ಅಲಂಕಾರಕ್ಕಾಗಿ ತಯಾರಾದವು. ರೂರ್ಕಿಯಲ್ಲಿ ಹಡಗಿನ ದಿಕ್ಸೂಚಿ, ದುರ್ಬೀನುಗಳ ನಕಲುಗಳ ದೊಡ್ಡ ಉದ್ಯಮವೇ ಇದೆ. ಅಲಂಕಾರದ ವಸ್ತುವಾಗಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಹಳೆಯದು ಅಂತ ಮಾರಿದಾಗ ಮೋಸ.

ಮೊದಲು ಅಕ್ಷರ ನೋಡಿ. ನಕಲಿಯಲ್ಲಿ ದೊಡ್ಡ ಅಕ್ಷರದಲ್ಲಿ "ಲಂಡನ್", ಅದರ ಕೆಳಗೆ ಒಂದು ಇಸವಿ, ಅಕ್ಷರದೊಳಗೆ ಕಪ್ಪು ಬಣ್ಣ ತುಂಬಿರುತ್ತದೆ. ಅಸಲಿ ತಯಾರಕರು ಹೀಗೆ ಇಸವಿಯನ್ನು ಜಾಹೀರಾತಿನಂತೆ ಕೊರೆಯುತ್ತಿರಲಿಲ್ಲ. ಹೆಸರು, ಊರು, ಸರಣಿ ಸಂಖ್ಯೆ ಸಣ್ಣದಾಗಿ, ಚೊಕ್ಕವಾಗಿ ಇರುತ್ತವೆ. ಅಮೆರಿಕದ ಕೆಲವದರಲ್ಲಿ ಪೇಟೆಂಟ್ ದಿನಾಂಕ ಸಣ್ಣ ಅಕ್ಷರದಲ್ಲಿ ಇರುವುದುಂಟು.

ಆಮೇಲೆ ಸ್ಕ್ರೂ. ಪ್ಲಸ್ ಆಕಾರದ ತಲೆಯ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅದು ಮೂಲ ಸ್ಕ್ರೂ ಅನ್ನುವಂತಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಅಸಲಿಯ ಸ್ಕ್ರೂಗಳಿಗೆ ಒಂದೇ ಗೆರೆಯ ತಲೆ, ತೆಳುವಾದ ಸೀಳು.

ಸವೆತ ಎಲ್ಲಿದೆ ನೋಡಿ. ನೂರು ವರ್ಷ ಬಳಸಿದ ಉಪಕರಣದಲ್ಲಿ ಬೆರಳು ತಾಗುವ ಕಡೆ, ಅಂದರೆ ಫೋಕಸ್ ತಿರುಗಿಸುವ ನಾಬ್, ಎತ್ತಿ ಹಿಡಿಯುವ ತೋಳು, ಸ್ಲೈಡ್ ಇಡುವ ತಟ್ಟೆ ಅಂದರೆ ಸ್ಟೇಜ್, ಇಲ್ಲೆಲ್ಲ ಲೇಪ ಹೋಗಿ ಹಿತ್ತಾಳೆ ಕಂದಾಗಿರುತ್ತದೆ. ಬೆರಳು ಹೋಗದ ಮೂಲೆಯಲ್ಲಿ ಲೇಪ ಹೊಸದರಂತೆ ಇರುತ್ತದೆ. ನಕಲಿಗೆ ಕೆಮಿಕಲ್ ಹಾಕಿ ಮೈಯೆಲ್ಲ ಒಂದೇ ಚಾಕೊಲೇಟ್ ಬಣ್ಣ ಮಾಡಿರುತ್ತಾರೆ. ಮೂಲೆಯೂ ಅದೇ, ಹಿಡಿಕೆಯೂ ಅದೇ.

ಇನ್ನು ಯಂತ್ರದ ಕೆಲಸ. ದೊಡ್ಡ ನಾಬ್ ತಿರುಗಿಸಿದರೆ ಹಲ್ಲುಪಟ್ಟಿಯ ಮೇಲೆ ಕೊಳವೆ ಬೆಣ್ಣೆಯಂತೆ ಏರಿಳಿಯಬೇಕು. ಗ್ರೀಸ್ ಒಣಗಿದ್ದರೆ ಬಿಗಿಯಾಗಿರಬಹುದು, ಆದರೆ ಅಲ್ಲಾಡಬಾರದು. ನಕಲಿಯಲ್ಲಿ ಹಲ್ಲುಗಳು ಒರಟು, ಕೊಳವೆ ಲಟಲಟ ಅನ್ನುತ್ತದೆ. ಬಹಳ ಸಲ ಕೊನೆಯ ಲೆನ್ಸ್ ಒಂದು ಸಾದಾ ಭೂತಗನ್ನಡಿಯ ಚೂರು.

ಜೇಬಿನಲ್ಲಿ ಒಂದು ಸಣ್ಣ ಸಾಧನ ಇಟ್ಟುಕೊಳ್ಳಿ: ಕಾಲೇಜು ಲ್ಯಾಬ್‌ನ ಮೈಕ್ರೋಸ್ಕೋಪಿನ ಹಳೆಯ 4 ಪಟ್ಟಿನ ಆಬ್ಜೆಕ್ಟಿವ್, ಅಂದರೆ ಕೊಳವೆಯ ಕೆಳತುದಿಗೆ ತಿರುಗಿಸಿ ಕೂರಿಸುವ, 4 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್. ಲಂಡನ್ನಿನ ಮೈಕ್ರೋಸ್ಕೋಪಿಕಲ್ ಸೊಸೈಟಿ 1858ರಲ್ಲಿ ಆಬ್ಜೆಕ್ಟಿವ್ ಕೂರಿಸುವ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಒಂದು ಅಳತೆ ಗೊತ್ತುಮಾಡಿತು. ವ್ಯಾಸ 0.8 ಇಂಚು, ಅಂದರೆ 20.32 ಮಿಲಿಮೀಟರ್, ಇಂಚಿಗೆ 36 ಸುತ್ತು. ಆ ಅಳತೆ ಇಂದಿಗೂ ಬಳಕೆಯಲ್ಲಿದೆ. ನಿಮ್ಮ ಜೇಬಿನ ಆಬ್ಜೆಕ್ಟಿವ್ ಸಲೀಸಾಗಿ ತಿರುಗಿ ಕೂತರೆ ಒಳ್ಳೆಯ ಸೂಚನೆ. ಕೂರದಿದ್ದರೆ ತಕ್ಷಣ ನಕಲಿ ಅನ್ನಬೇಡಿ. 1858ಕ್ಕಿಂತ ಹಿಂದಿನದ್ದಿರಬಹುದು, ಅಥವಾ ತನ್ನದೇ ಮರೆ ಇಟ್ಟುಕೊಂಡಿದ್ದ ಯುರೋಪಿನ ಕಂಪನಿಯದ್ದಿರಬಹುದು. ಉಳಿದ ಗುರುತುಗಳ ಜೊತೆ ಸೇರಿಸಿ ತೀರ್ಮಾನಿಸಿ.

ಅಸಲಿಯಾದರೂ ಬಫಿಂಗ್ ಮಾಡಿದ್ದನ್ನು, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ಹೊಳಪಿಸಿದ್ದನ್ನು, ಗುರುತಿಸಲು ಕಲಿಯಿರಿ. ಕೊರೆದ ಅಕ್ಷರಗಳ ಅಂಚು ಮಸುಕಾಗಿರುತ್ತದೆ, ಒಳಗೆ ಪಾಲಿಶ್‌ನ ಬಿಳಿ ಪುಡಿ ಕೂತಿರುತ್ತದೆ. ನಾಬ್‌ನ ಅಂಚಿನ ಸಣ್ಣ ಗೀರುಗಳು ದುಂಡಾಗಿರುತ್ತವೆ. ಸ್ಕ್ರೂ ತೂತಿನ ಸುತ್ತ ತಗ್ಗು ಬಿದ್ದಿರುತ್ತದೆ. ಇಂಥದ್ದನ್ನು ಕೊಳ್ಳಬಾರದು ಅಂತಲ್ಲ. ನೋಡಲು ಬಳಸುತ್ತೀರಾದರೆ ಕೊಳ್ಳಿ, ಆದರೆ ಸಂಗ್ರಹದ ಬೆಲೆ ಕೊಡಬೇಡಿ.

ಹೆಜ್ಜೆ 4: ಹೆಸರು, ವಿಳಾಸ, ನಂಬರಿನಿಂದ ವಯಸ್ಸು ಹಿಡಿಯುವುದು

ಇಂಗ್ಲಿಷ್ ಕಂಪನಿಗಳ ಹೆಸರು ಪಾಲುದಾರರ ಜೊತೆ ಬದಲಾಗುತ್ತಿತ್ತು. "ಸ್ಮಿತ್ ಅಂಡ್ ಬೆಕ್" ಆಮೇಲೆ "ಸ್ಮಿತ್, ಬೆಕ್ ಅಂಡ್ ಬೆಕ್" ಆಯಿತು, 1865ರ ಸುಮಾರಿಗೆ "ಆರ್ ಅಂಡ್ ಜೆ ಬೆಕ್" ಆಯಿತು. ಹೀಗಾಗಿ ಹೆಸರೇ ಕಾಲ ಹೇಳುತ್ತದೆ. ವಿಳಾಸವೂ ಅಷ್ಟೇ. ವಾಟ್ಸನ್ ಅಂದರೆ 313 ಹೈ ಹೋಬರ್ನ್, ಬೇಕರ್ ಅಂದರೆ 244 ಹೈ ಹೋಬರ್ನ್. ಅಂಗಡಿ ಸ್ಥಳ ಬದಲಿಸಿದ ಕಂಪನಿಗಳಲ್ಲಿ ವಿಳಾಸ ಇನ್ನೂ ಉಪಯೋಗ.

ಜರ್ಮನ್ ಉಪಕರಣಗಳಲ್ಲಿ ಕೆಲಸ ಸುಲಭ, ಕೊಳವೆಯ ಮೇಲೆ ಸರಣಿ ಸಂಖ್ಯೆ ಇರುತ್ತದೆ. ಲೈಟ್ಸ್ ಕಂಪನಿ 1,00,000ನೇ ಮೈಕ್ರೋಸ್ಕೋಪನ್ನು 1907ರಲ್ಲಿ ರಾಬರ್ಟ್ ಕಾಕ್‌ಗೆ ಕೊಟ್ಟಿತು, ಕ್ಷಯದ ಸೂಕ್ಷ್ಮಜೀವಿ ಕಂಡುಹಿಡಿದ ಅದೇ ಕಾಕ್. ನಿಮ್ಮ ಲೈಟ್ಸ್ ನಂಬರ್ ಇದಕ್ಕಿಂತ ಕಡಿಮೆಯಿದ್ದರೆ ಅದು ಸುಮಾರು 1907ರದ್ದು ಅಥವಾ ಅದಕ್ಕೂ ಹಿಂದಿನದು. ಇದೇ ರೀತಿ ತಯಾರಕರ ಸರಣಿ ಪಟ್ಟಿಗಳನ್ನು ಸಂಗ್ರಾಹಕರು ಜೋಡಿಸಿದ್ದಾರೆ, ಹೋಲಿಸಿ ನೋಡಿ.

ಆಬ್ಜೆಕ್ಟಿವ್‌ಗಳ ಮೇಲಿನ ಗುರುತು ಹೊಸಬರಿಗೆ ಗೊಂದಲ. ಇಂಗ್ಲಿಷ್ ತಯಾರಕರು ಪಟ್ಟು ಬರೆಯುತ್ತಿರಲಿಲ್ಲ, ನಾಭಿದೂರವನ್ನು (ಲೆನ್ಸ್ ಬೆಳಕನ್ನು ಒಂದು ಬಿಂದುವಿಗೆ ಸೇರಿಸುವ ದೂರ) ಇಂಚಿನಲ್ಲಿ ಬರೆಯುತ್ತಿದ್ದರು. 2/3 ಇಂಚು ಅಂದರೆ ಈಗಿನ ಸುಮಾರು 10 ಪಟ್ಟು, 1/6 ಇಂಚು ಅಂದರೆ ಸುಮಾರು 40 ಪಟ್ಟು, 1/12 ಇಂಚು ಅಂದರೆ ಎಣ್ಣೆ ಹಾಕಿ ನೋಡುವ 100 ಪಟ್ಟಿನದು. ಹಳೆಯ ಝೈಸ್‌ನಲ್ಲಿ ಎ, ಸಿ, ಡಿ ಅಂತ ಅಕ್ಷರ, ಲೈಟ್ಸ್‌ನಲ್ಲಿ 3, 5, 7 ಅಂತ ಅಂಕಿ. ಅಕ್ಷರ ಮುಂದಿನದಾದಷ್ಟೂ, ಅಂಕಿ ದೊಡ್ಡದಾದಷ್ಟೂ ಶಕ್ತಿ ಜಾಸ್ತಿ.

ಹೆಜ್ಜೆ 5: ಗಾಜಿನ ಪರೀಕ್ಷೆ

ಹಿತ್ತಾಳೆ ಚೆನ್ನಾಗಿದ್ದು ಗಾಜು ಹಾಳಾಗಿದ್ದರೆ ನಿಮಗೆ ಸಿಗುವುದು ಒಂದು ಶೋಪೀಸ್. ಆಬ್ಜೆಕ್ಟಿವನ್ನು ಬಿಚ್ಚಿ, ತಲೆಕೆಳಗು ಹಿಡಿದು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಲೂಪ್‌ನಿಂದ ಮುಂದಿನ ಲೆನ್ಸ್ ನೋಡಿ. ಕಿಟಕಿಯ ಪ್ರತಿಬಿಂಬ ಅದರಲ್ಲಿ ಒಡೆಯದೆ ಕಾಣಬೇಕು. ಅಂಚಿನಲ್ಲಿ ಚೂರು ಹಾರಿದ್ದರೆ, ನಡುವೆ ಗೀರಿದ್ದರೆ ಬಿಡಿ. ಆಮೇಲೆ ಹಿಂಬದಿಯಿಂದ ಆಕಾಶದತ್ತ ಹಿಡಿದು ನೋಡಿ, ಸೂರ್ಯನತ್ತ ಮಾತ್ರ ಯಾವತ್ತೂ ಬೇಡ.

ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಮಳೆಗಾಲದ ಧಾರವಾಡದಲ್ಲಿ ಇದು ಸಾಮಾನ್ಯ. ಹಳದಿ ಛಾಯೆ, ಮಂಜಿನ ಹರಳಿನಂಥ ಚಿತ್ತಾರ, ಅಥವಾ ಎಣ್ಣೆ ನೀರಿನ ಮೇಲೆ ಹರಡಿದಂತೆ ಬಣ್ಣದ ಸುತ್ತುಗಳು ಕಂಡರೆ ಎರಡು ಗಾಜಿನ ನಡುವಿನ ಅಂಟು ಬಿಟ್ಟಿದೆ. ಆ ಅಂಟು ಕೆನಡಾ ಬಾಲ್ಸಮ್, ಒಂದು ಮರದ ರಾಳ. ಇದನ್ನು ಮನೆಯಲ್ಲಿ ಸರಿ ಮಾಡಲು ಹೋಗಬೇಡಿ. ಅಂಚಿನಲ್ಲಿ ಸ್ವಲ್ಪ ಬಿಟ್ಟಿದ್ದರೆ ನೋಡಲು ಏನೂ ಅಡ್ಡಿಯಿಲ್ಲ.

ಹೆಜ್ಜೆ 6: ಬೆಲೆ ಮತ್ತು ಕಾನೂನು

ಬೆಲೆ ಏರಿಸುವುದು ಐದು ಸಂಗತಿ: ತಯಾರಕರ ಹೆಸರು, ಮೂಲ ಲೇಪ, ಒಳ್ಳೆಯ ಗಾಜು, ಮೂಲ ಮಹಾಗನಿ ಪೆಟ್ಟಿಗೆ, ಬಿಡಿಭಾಗಗಳು. ಹೆಸರು ಕೊರೆದ ಹಿತ್ತಾಳೆಯ ಡಬ್ಬಿಯಲ್ಲಿ ಅದೇ ಆಬ್ಜೆಕ್ಟಿವ್ ಇದ್ದರೆ ಬಹಳ ಚೆನ್ನ. ಪೆಟ್ಟಿಗೆಯ ಖಾನೆಗಳನ್ನು ಎಣಿಸಿ. ಮೂರು ಖಾನೆಯಿದ್ದು ಒಂದೇ ಆಬ್ಜೆಕ್ಟಿವ್ ಇದ್ದರೆ ಎರಡು ಕಳೆದಿವೆ ಅಂತ ಅರ್ಥ, ಬೆಲೆ ಮಾತಾಡುವಾಗ ಅದನ್ನು ಹೇಳಿ. ಕನ್ನಡಿ, ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್), ಸ್ಟೇಜಿನ ಕೆಳಗಿನ ಕಂಡೆನ್ಸರ್ (ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಲೆನ್ಸ್) ಇವೆಯೇ ಅಂತಲೂ ನೋಡಿ. ಆನ್‌ಲೈನಿನಲ್ಲಿ ಮಾರಾಟಗಾರ ಕೇಳುವ ಬೆಲೆ ನಂಬಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ.

ಕಾನೂನು ಸಂಕ್ಷಿಪ್ತವಾಗಿ: 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಲ್ಲಿ 100 ವರ್ಷ ದಾಟಿದ, ಹಿಂದಿನ ಕಾಲದ ವಿಜ್ಞಾನವನ್ನು ತೋರಿಸುವ ವಸ್ತುಗಳೂ ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ. ಪ್ರಾಚ್ಯವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಅದರ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಅಮೆರಿಕದಲ್ಲಿರುವ ಮಗನಿಗೆ ಉಡುಗೊರೆ ಕಳಿಸುವ ಯೋಚನೆಯಿದ್ದರೆ ಮೊದಲು ಪುರಾತತ್ವ ಸರ್ವೇಕ್ಷಣೆಯವರನ್ನು ಕೇಳಿ. ಅವರ ಧಾರವಾಡ ವೃತ್ತದ ಕಚೇರಿ ನಮ್ಮ ಊರಲ್ಲೇ ಇದೆ.

ಹೆಜ್ಜೆ 7: ಸ್ವಚ್ಛ ಮಾಡುವುದು

ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಮೆತ್ತನೆಯ ಬ್ರಷ್‌ನಿಂದ ಧೂಳು ಹಾರಿಸಿ. ಒರೆಸಬೇಡಿ, ಹಾರಿಸಿ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಬಟ್ಟೆಯಿಂದ ಒರೆಸಿದರೆ ಅದೇ ಲೇಪವನ್ನು ಗೀರುತ್ತದೆ. ಹಳೆಯ ಮೆತ್ತಗಿನ ಕಾಟನ್ ಪಂಚೆಯ ತುಂಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಬೇಕಾದರೆ ಒಂದು ಹನಿ ಸೌಮ್ಯ ಸೋಪು ಸೇರಿಸಿ ಮೆಲ್ಲಗೆ ಒರೆಸಿ. ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಿರಿ. ಸ್ಟೇಜ್ ಕಪ್ಪು ಗಟ್ಟಿ ರಬ್ಬರಿನದಾದರೆ ಅಲ್ಲಿ ನೀರು ತಾಗಿಸಬೇಡಿ, ಬಿಸಿಲಿಗೂ ಇಡಬೇಡಿ. ಅದು ಕಂದು ಬಣ್ಣಕ್ಕೆ ತಿರುಗುತ್ತದೆ.

ಜಿಡ್ಡು ಹೋಗದಿದ್ದರೆ ಡ್ರೈಕ್ಲೀನಿಂಗ್‌ಗೆ ಬಳಸುವ ವೈಟ್ ಪೆಟ್ರೋಲನ್ನು ಹತ್ತಿಯ ಕಡ್ಡಿಗೆ ಒಂದು ಹನಿ ಹಾಕಿ. ಅದು ಅರಗನ್ನು ಕರಗಿಸುವುದಿಲ್ಲ, ಸ್ಪಿರಿಟ್ ಕರಗಿಸುತ್ತದೆ. ಆದರೂ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಿ. ಕಿಟಕಿ ತೆಗೆದಿಡಿ, ಹತ್ತಿರದಲ್ಲಿ ಒಲೆ, ದೀಪ, ಊದಿನಕಡ್ಡಿ ಏನೂ ಇರಬಾರದು.

ಲೇಪ ಹೋದ ಕಡೆ ಕಪ್ಪು ಕಲೆ ಇದೆ, ಅಲ್ಲಿ ಮಾತ್ರ ಸ್ವಲ್ಪ ಹುಣಸೆಹಣ್ಣು ಹಚ್ಚಿದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಆಗುವುದು ಇಷ್ಟು: ಹುಳಿ ಪಕ್ಕದ ಲೇಪದ ಅಡಿಗೆ ನುಗ್ಗಿ ಅದನ್ನು ಎಬ್ಬಿಸುತ್ತದೆ. ಹಿತ್ತಾಳೆಯೊಳಗಿನ ಸತುವನ್ನು ಎಳೆದು ತಾಮ್ರವನ್ನು ಬಿಡುತ್ತದೆ, ಆ ಜಾಗ ನಸುಗೆಂಪಾಗುತ್ತದೆ. ಉಪ್ಪು ಸೇರಿಸಿದ್ದರೆ ಅದರ ಅಂಶ ಸಂದಿಯಲ್ಲಿ ಉಳಿದು ಮುಂದಿನ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ತಂಬಿಗೆಯನ್ನು ಮುಂದಿನ ಹಬ್ಬಕ್ಕೆ ಮತ್ತೆ ತಿಕ್ಕುತ್ತೀರಿ, ಅದು ದಪ್ಪ ಇದೆ, ತಡೆಯುತ್ತದೆ. ಕೂದಲೆಳೆಯ ಅಂತರದಲ್ಲಿ ಜಾರುವ ಕೊಳವೆಗೆ ಆ ಸೌಲಭ್ಯ ಇಲ್ಲ. ಕಪ್ಪು ಕಲೆ ಹಾಗೇ ಇರಲಿ. ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ ಒರೆಸಿದರೆ ಸಾಕು.

ಅಮೋನಿಯಾ ಇರುವ ಯಾವ ದ್ರವವೂ ಹತ್ತಿರ ಬರಬಾರದು. ಇದಕ್ಕೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿಯುವಷ್ಟರಲ್ಲಿ ಅವು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ ಕಾರಣ ಅಂತ 1921ರಲ್ಲಿ ಸ್ಪಷ್ಟವಾಯಿತು. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಉಪಕರಣ ಇಟ್ಟಿದ್ದರೆ ಬೇರೆ ಕಡೆ ಇಡಿ.

ಗಾಜಿಗೆ ಬೇರೆಯೇ ಕ್ರಮ. ರಬ್ಬರ್ ಬ್ಲೋವರಿನಿಂದ ಧೂಳು ಊದಿ, ಬಾಯಿಂದ ಬೇಡ. ಲೆನ್ಸ್ ಪೇಪರಿಗೆ ಡಿಸ್ಟಿಲ್ಡ್ ವಾಟರ್ ತಾಗಿಸಿ ಒಂದೇ ದಿಕ್ಕಿನಲ್ಲಿ ಒಂದು ಸಲ ಎಳೆದು ಆ ಪೇಪರ್ ಬಿಸಾಕಿ. ಆಬ್ಜೆಕ್ಟಿವನ್ನು ಯಾವ ದ್ರವದಲ್ಲೂ ಮುಳುಗಿಸಬೇಡಿ, ಒಳಗಿನ ಬಾಲ್ಸಮ್ ಹಾಳಾಗಬಹುದು. 1/12 ಇಂಚಿನ ಆಬ್ಜೆಕ್ಟಿವ್ ತುದಿಯಲ್ಲಿ ಕಂದು ಗಟ್ಟಿ ಕಲೆ ಇದ್ದರೆ ಅದು ನೋಡುವಾಗ ಲೆನ್ಸ್ ಮತ್ತು ಸ್ಲೈಡಿನ ನಡುವೆ ಹಾಕುತ್ತಿದ್ದ ಹಳೆಯ ಸೀಡರ್ ಎಣ್ಣೆ. ಮೇಲೆ ಒಂದು ಹನಿ ಹೊಸ ಇಮ್ಮರ್ಶನ್ ಎಣ್ಣೆ (ಅದೇ ಕೆಲಸಕ್ಕೆ ಈಗ ಬಳಸುವ ಎಣ್ಣೆ) ಬಿಟ್ಟು ರಾತ್ರಿಯಿಡೀ ಇಡಿ, ಬೆಳಿಗ್ಗೆ ಮೆತ್ತಗಾಗಿರುತ್ತದೆ. ಕನ್ನಡಿಯ ಬೆಳ್ಳಿ ಕಪ್ಪಾಗಿದ್ದರೆ ಮೂಲ ಕನ್ನಡಿಯನ್ನು ಜೋಪಾನವಾಗಿ ತೆಗೆದಿಟ್ಟು ಬಳಕೆಗೆ ಬೇರೆ ಹಾಕಿ.

ಹೆಜ್ಜೆ 8: ಬಿಗಿಯಾದ ಫೋಕಸ್ ಬಿಡಿಸುವುದು

ಬಲ ಹಾಕಬೇಡಿ. ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ, ಅಷ್ಟೇ. ಆಬ್ಜೆಕ್ಟಿವ್, ಐಪೀಸ್ ಎರಡನ್ನೂ ತೆಗೆದಿಟ್ಟು ಹಲ್ಲುಪಟ್ಟಿಗೆ ವೈಟ್ ಪೆಟ್ರೋಲ್ ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ಒಂದು ಮಿಲಿಮೀಟರ್ ಆ ಕಡೆ, ಒಂದು ಈ ಕಡೆ ಅಲ್ಲಾಡಿಸಿ. ಬಿಡದಿದ್ದರೆ ಮತ್ತೊಂದು ರಾತ್ರಿ. ಬಿಟ್ಟ ಮೇಲೆ ಹಳೆಯ ಗ್ರೀಸ್ ಒರೆಸಿ ಲಿಥಿಯಂ ಗ್ರೀಸ್ ಕಡ್ಡಿಯ ತುದಿಯಷ್ಟು ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ. ಹೊಲಿಗೆ ಮಶೀನ್ ಎಣ್ಣೆಯೂ ಬೇಡ, ತೆಳುವಾಗಿ ಹರಿದು ಲೆನ್ಸ್‌ಗೆ ಇಳಿಯುತ್ತದೆ.

ಸ್ಕ್ರೂ ಬಿಚ್ಚಲೇಬೇಕಾದರೆ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಒಂದು ರಟ್ಟಿನ ಮೇಲೆ ಉಪಕರಣದ ಚಿತ್ರ ಬರೆದು ಬಿಚ್ಚಿದ ಸ್ಕ್ರೂವನ್ನು ಅದೇ ಜಾಗಕ್ಕೆ ಚುಚ್ಚಿಡಿ. ಒಂದೇ ತರಹ ಕಂಡರೂ ಒಂದರ ತೂತಿಗೆ ಇನ್ನೊಂದು ಕೂರದಿರಬಹುದು. ಕಳೆದ ಸ್ಕ್ರೂ ಅಥವಾ ನಾಬ್ ಬೇಕಾದರೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸದವರಿದ್ದಾರೆ. ಮಾದರಿ ತೋರಿಸಿ ಮಾಡಿಸಿ. ಮೂಲ ಭಾಗವನ್ನು ಕೊರೆದು ದೊಡ್ಡದು ಮಾಡಲು ಮಾತ್ರ ಬಿಡಬೇಡಿ. ಹೊಸ ಭಾಗ ಹಳೆಯದಕ್ಕೆ ಹೊಂದಬೇಕು.

ಹೆಜ್ಜೆ 9: ನೋಡಿ

ಈ ಹೆಜ್ಜೆಯನ್ನು ಬಿಟ್ಟ ಸಂಗ್ರಾಹಕರನ್ನು ಕಂಡರೆ ನನಗೆ ಬೇಸರ. ಈ ಉಪಕರಣಗಳು ನೋಡುವುದಕ್ಕೆ ಹುಟ್ಟಿದವು. ಉತ್ತರದ ಕಿಟಕಿಯ ಬೆಳಕು, ಅಥವಾ ಬೆಣ್ಣೆ ಕಾಗದ ಸುತ್ತಿದ ಎಲ್‌ಇಡಿ ದೀಪ ಸಾಕು. ಕಂಡೆನ್ಸರ್ ಇದ್ದರೆ ಕನ್ನಡಿಯ ಸಪಾಟು ಮುಖ, ಇಲ್ಲದಿದ್ದರೆ ತಗ್ಗು ಮುಖ ಬಳಸಿ. ಒಳಗಿನ ಕೊಳವೆಯ ಮೇಲೆ ಅಳತೆ ಇದ್ದರೆ ಝೈಸ್‌ಗೆ 160, ಲೈಟ್ಸ್‌ಗೆ 170 ಮಿಲಿಮೀಟರ್‌ಗೆ ಎಳೆಯಿರಿ. ಹಳೆಯ ಇಂಗ್ಲಿಷ್ ಉದ್ದ ಕೊಳವೆಯದ್ದಕ್ಕೆ 10 ಇಂಚು.

ಫೋಕಸ್ ಮಾಡುವಾಗ ಪಕ್ಕದಿಂದ ನೋಡುತ್ತ ಆಬ್ಜೆಕ್ಟಿವನ್ನು ಸ್ಲೈಡಿಗೆ ತಾಗದಂತೆ ಇಳಿಸಿ, ಆಮೇಲೆ ಕಣ್ಣಿಟ್ಟು ಮೇಲಕ್ಕೆ ಮಾತ್ರ ತಿರುಗಿಸಿ. ನೋಡುತ್ತ ಕೆಳಗಿಳಿಸಿದರೆ ಲೆನ್ಸ್ ಮತ್ತು ಸ್ಲೈಡ್ ಎರಡೂ ಹೋಗುತ್ತವೆ.

ಏನು ನೋಡಬೇಕು? ಬೆಂಗೇರಿಯ ಖಾದಿಯಿಂದ ಒಂದು ಎಳೆ ಕಿತ್ತು ನೀರಿನ ಹನಿಯಲ್ಲಿ ಇಡಿ. ಹತ್ತಿಯ ನಾರು ಚಪ್ಪಟೆ ಪಟ್ಟಿಯಂತೆ, ಅಲ್ಲಲ್ಲಿ ತಿರುಚಿಕೊಂಡು ಕಾಣುತ್ತದೆ. ಪಕ್ಕದಲ್ಲಿ ಕಂಬಳಿಯ ಉಣ್ಣೆ ಇಡಿ, ಅದರ ಮೈಮೇಲೆ ಮೀನಿನಂತೆ ಪೊರೆಗಳಿರುತ್ತವೆ. ರೇಷ್ಮೆ ನುಣ್ಣನೆಯ ಕಡ್ಡಿ. 10 ಪಟ್ಟಿನ ಆಬ್ಜೆಕ್ಟಿವ್ ಸರಿಯಾಗಿದ್ದರೆ ಇವುಗಳ ಅಂಚು ಬಣ್ಣವಿಲ್ಲದೆ ಗೆರೆ ಎಳೆದಂತೆ ಕಾಣಬೇಕು. ಉಳ್ಳಾಗಡ್ಡಿಯ ಒಳಪೊರೆಯಲ್ಲಿ ಜೀವಕೋಶದ ಗೋಡೆ ನೋಡಿ. ಪತಂಗದ ರೆಕ್ಕೆಯ ಪುಡಿಯಲ್ಲಿ ಗೆರೆಗಳು ಬಿಡಿಬಿಡಿಯಾಗಿ ಕಂಡರೆ 40 ಪಟ್ಟಿನದು ಚೆನ್ನಾಗಿದೆ. ವಿಕ್ಟೋರಿಯಾ ಕಾಲದವರೂ ಲೆನ್ಸ್ ಪರೀಕ್ಷೆಗೆ ಕೀಟಗಳ ಇಂಥ ಪೊರೆಗಳನ್ನೇ ಬಳಸುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಉಣಕಲ್ ಕೆರೆಯ ಅಥವಾ ಕೆಲಗೇರಿ ಕೆರೆಯ ಅಂಚಿನ ಪಾಚಿ ನೀರು ಒಂದು ಸೀಸೆ ತನ್ನಿ, ಮಕ್ಕಳನ್ನು ಕರೆಯಿರಿ. 40 ಪಟ್ಟಿನದರಲ್ಲಿ ನೋಡುವಾಗ ವಸ್ತುವಿನ ಮೇಲೆ 0.17 ಮಿಲಿಮೀಟರ್ ದಪ್ಪದ ಕವರ್ ಗ್ಲಾಸ್ ಅನ್ನುವ ತೆಳು ಗಾಜು ಇಡಲೇಬೇಕು, ಆ ಲೆನ್ಸ್‌ಗಳ ಲೆಕ್ಕಾಚಾರದಲ್ಲೇ ಅದು ಸೇರಿದೆ.

ಹೆಜ್ಜೆ 10: ಮಳೆಗಾಲ ದಾಟಿಸುವುದು

1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡ. ಆಗ ಅವನ ಮೈಕ್ರೋಸ್ಕೋಪಿನ ಸ್ಕ್ರೂಗಳು ಅವನದೇ ಬೆವರಿನಿಂದ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಐಪೀಸ್ ಸೀಳಿತ್ತು ಅಂತ ಅವನೇ ಬರೆದಿದ್ದಾನೆ. ಬಳಸಿದ ಮೇಲೆ ಕೈಬೆವರು ಒರೆಸುವುದು ಚಿಕ್ಕ ಕೆಲಸ, ಆದರೆ ತಪ್ಪಿಸಬೇಡಿ.

ಗದಗಿನವರಿಗೆ ಹವೆ ಒಣ, ತೊಂದರೆ ಕಡಿಮೆ. ಧಾರವಾಡದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಬ್ಜೆಕ್ಟಿವ್ ಮತ್ತು ಐಪೀಸ್‌ಗಳನ್ನು ಮರದ ಪೆಟ್ಟಿಗೆಯಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಬಳಸಿ. ಮರದ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ವಾರಕ್ಕೊಮ್ಮೆ ಒಣ ಹೊತ್ತಿನಲ್ಲಿ ಬಾಗಿಲು ತೆರೆದು ಗಾಳಿಯಾಡಿಸಿ. ಕರ್ಪೂರ, ನುಸಿಗುಳಿಗೆ ಒಳಗೆ ಹಾಕಬೇಡಿ, ಆವಿಯಾಗಿ ಲೆನ್ಸ್ ಮೇಲೆ ಕೂರಬಹುದು. ರಬ್ಬರ್ ಬ್ಯಾಂಡಿನ ಗಂಧಕ ಹಿತ್ತಾಳೆಯನ್ನು ಕಪ್ಪು ಮಾಡುತ್ತದೆ, ಅದೂ ಬೇಡ.

ಪ್ರತಿ ಉಪಕರಣಕ್ಕೂ ಒಂದು ಹಾಳೆ ಬರೆದಿಡಿ: ತಯಾರಕರ ಹೆಸರು, ಸರಣಿ ಸಂಖ್ಯೆ, ಯಾರಿಂದ ಯಾವಾಗ ಬಂತು, ಮೊದಲು ಯಾರ ಮನೆಯಲ್ಲಿತ್ತು, ನೀವು ಯಾವ ಭಾಗ ಬದಲಿಸಿದಿರಿ, ಯಾವ ಗ್ರೀಸ್ ಹಚ್ಚಿದಿರಿ. ಒಂದು ಪ್ರತಿ ಪೆಟ್ಟಿಗೆಯ ಡ್ರಾಯರಿನಲ್ಲಿ, ಇನ್ನೊಂದು ಫೋಟೋಗಳ ಜೊತೆ ಬೇರೆ ಕಡೆ ಇರಲಿ. ಮಾರಿದ ಮನೆಯವರಿಗೆ ಅಜ್ಜನ ಹೆಸರು, ಅವರು ಎಲ್ಲಿ ಕೆಲಸ ಮಾಡುತ್ತಿದ್ದರು ಅನ್ನುವುದು ಇನ್ನೂ ನೆನಪಿರುತ್ತದೆ. ದುಡ್ಡು ಕೊಡುವ ದಿನವೇ ಕೇಳಿ ಬರೆದುಕೊಳ್ಳಿ.